ರಾಕ್ ಸಂಗೀತಕ್ಕೆ ಎಂಥ ಸ್ಪೀಕರ್ ಬೇಕು?

2007ನೆಯ ಇಸವಿಯ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ನಡೆಸಿತು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡವು ನುಡಿಸಿತು. ಈ ಬಗೆಯ ಸಂಗೀತವನ್ನು ನಮ್ಮವರು ಬರಿದೆ ಕೇಳಿ ಸುಮ್ಮನಾದವರೂ ಅಲ್ಲ. ಕ್ರಿಪ್ಟೋಸ್ ಎಂಬ ಮೆಟಲ್ ತಂಡವು 1998ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಮುಂದೆ ಜರ್ಮನಿಯ ವೇದಿಕೆಗಳನ್ನೂ ಏರಿತು. ರಾಕ್ ಎಂಬುದು ವಿದ್ಯುತ್ ಗಿಟಾರು, ಬೇಸ್ ಗಿಟಾರು, ಡೋಲುಗಳನ್ನು ಆಧರಿಸಿದ ಸಂಗೀತ. ಮೆಟಲ್ ಎಂಬುದು ಅದರ ಇನ್ನಷ್ಟು ಗಡಸಾದ ರೂಪ. ಕೈಯಲ್ಲೊಂದು ಮೊಬೈಲ್ ಫೋನ್ ಇದ್ದರೆ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಾಲೇಜು ವಿದ್ಯಾರ್ಥಿಗೂ ಇಂದು ಅದೇ ಸಂಗೀತವು ದೊರೆಯುತ್ತದೆ. ಗಡಸು ನಾದಕ್ಕೆ ಈ ಸೀಮೆಯ ಕಿವಿ ಹೊಸದೂ ಅಲ್ಲ. ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯನ್ನು ನುಡಿಸುವವರು ತಂತಿಯ ಬಿಗಿತವನ್ನು ಕೈಯಿಂದಲೇ ಹೆಚ್ಚುಕಡಿಮೆ ಮಾಡಿ ನಾದವನ್ನು ಏರಿಳಿಸುತ್ತಾರೆ. ಗಿಟಾರ್ ವಾದಕನು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆಳೆದು ಸಾಧಿಸುವುದೂ ಅದನ್ನೇ.

ತೊಡಕು ಬರುವುದು ಸ್ಪೀಕರನ್ನು ಕೊಳ್ಳುವಾಗ. ರಜೆಯಲ್ಲಿ ದುಡಿದೋ, ಮನೆಯವರನ್ನು ಕಾಡಿಬೇಡಿಯೋ ಕೂಡಿಸಿದ ಐದಾರು ಸಾವಿರ ರೂಪಾಯಿಯನ್ನು ವಿದ್ಯಾರ್ಥಿಯು ಒಮ್ಮೆ ಕಳೆದುಕೊಂಡರೆ ಮತ್ತೆ ಕೂಡಿಸಲು ವರ್ಷಗಳೇ ಬೇಕಾದೀತು. "ಇದು ಹೇಗಿದ್ದರೂ ಗದ್ದಲದ ಸಂಗೀತ, ಗದ್ದಲಕ್ಕೆ ಯಾವ ಸ್ಪೀಕರ್ ಆದರೇನು?" ಎಂದು ಹೇಳುವವರುಂಟು. ಭೌತವಿಜ್ಞಾನವು ಹೇಳುವುದು ಇದಕ್ಕೆ ತೀರ ವಿರುದ್ಧ. ನಾದವು ಗಡಸಾದಷ್ಟೂ ಅದನ್ನು ನುಡಿಸುವ ಯಂತ್ರವು ಶುದ್ಧವಾಗಿರಬೇಕಾಗುತ್ತದೆ.

ಕಾರಣವನ್ನು ವಿದ್ಯುತ್ ಗಿಟಾರಿನಲ್ಲಿಯೇ ಹುಡುಕೋಣ. ಅದರ ಅತ್ಯಂತ ಕೆಳಗಿನ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಎಂದರೆ ಅದರ ಆವೃತ್ತಿ 82 ಹರ್ಟ್ಸ್. ವಾದಕನು ಈ ಕಂಪನವನ್ನು ವಿದ್ಯುತ್ತಿಗೆ ಪರಿವರ್ತಿಸಿ, ತನ್ನ ವರ್ಧಕವನ್ನು ಅದರ ಶಕ್ತಿ ಮೀರಿ ದುಡಿಸುತ್ತಾನೆ. ಆಗ ತರಂಗದ ಏರು ತಗ್ಗುಗಳ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಹೀಗೆ ಚಪ್ಪಟೆಯಾದ ತರಂಗದಲ್ಲಿ ಮೂಲಸ್ವರದ ಜೊತೆಗೆ ಅದರ ಮೂರು, ಐದು, ಏಳು ಪಟ್ಟಿನ ಉಪಸ್ವರಗಳು, ಅಂದರೆ 247, 412, 577 ಹರ್ಟ್ಸ್‌ಗಳ ಸಾಲು, ಪ್ರಬಲವಾಗಿ ಹುಟ್ಟಿಕೊಳ್ಳುತ್ತವೆ. ಗಿಟಾರಿನ ಆ ಗೊರಗೊರ ನಾದದ ಗುಟ್ಟು ಇದೇ. ನಮ್ಮ ತಂಬೂರಿಯ ಜವಾರಿಯೂ ಉಪಸ್ವರಗಳನ್ನು ಕೆರಳಿಸುವ ಉಪಾಯವೇ; ಅಲ್ಲಿ ನೂಲಿನ ಎಳೆಯಿಂದ ಆಗುವ ಕೆಲಸವು ಇಲ್ಲಿ ವಿದ್ಯುತ್ತಿನಿಂದ ಆಗುತ್ತದೆ, ದಾರಿ ಮಾತ್ರ ಬೇರೆ.

ಇದಕ್ಕಿಂತಲೂ ಸ್ವಾರಸ್ಯಕರವಾದ ಸಂಗತಿಯೊಂದಿದೆ. ಮೆಟಲ್ ವಾದಕನು ಬಹುಮಟ್ಟಿಗೆ ಎರಡು ಸ್ವರಗಳನ್ನು ಜೊತೆಯಾಗಿ ಮೀಟುತ್ತಾನೆ: ಷಡ್ಜ ಮತ್ತು ಪಂಚಮ. ಇವುಗಳ ಆವೃತ್ತಿಗಳು 2ಕ್ಕೆ 3ರ ಪ್ರಮಾಣದಲ್ಲಿರುತ್ತವೆ; ಷಡ್ಜವು 82 ಆದರೆ ಪಂಚಮವು ಸುಮಾರು 123. ವಿರೂಪಗೊಳಿಸುವ ವರ್ಧಕದ ಮೂಲಕ ಇವೆರಡೂ ಒಟ್ಟಿಗೆ ಹಾಯುವಾಗ ಅವುಗಳ ವ್ಯತ್ಯಾಸಕ್ಕೆ ಸಮನಾದ ಹೊಸ ಸ್ವರವೊಂದು, 41 ಹರ್ಟ್ಸ್‌ನದು, ಹುಟ್ಟುತ್ತದೆ. ಯಾರೂ ಮೀಟದ ಈ ಸ್ವರವು ಷಡ್ಜದ ಕೆಳಗಣ ಸ್ಥಾಯಿಯ ಷಡ್ಜವೇ! ಆದ್ದರಿಂದಲೇ ಎರಡು ತಂತಿಗಳ ಆ ಜೋಡಿಗೆ ಅಷ್ಟು ಭಾರವಾದ ನಾದ. ಸಪಗಳಿಗೆ ಗಾಂಧಾರವನ್ನು ಸೇರಿಸಿದರೆ ಹುಟ್ಟುವ ವ್ಯತ್ಯಾಸಸ್ವರಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುವುದುಂಟು; ವಾದಕರು ಗಾಂಧಾರವನ್ನು ಬಹುಪಾಲು ಬಿಡುವುದಕ್ಕೆ ಇದೂ ಒಂದು ಕಾರಣ.

ಈಗ ನಮ್ಮ ಅಗ್ಗದ ಸ್ಪೀಕರನ್ನು ನೆನೆಯಿರಿ. ಅದರ ಕಾಗದದ ಶಂಕು ತನ್ನ ಮಿತಿಯನ್ನು ಮೀರಿ ಓಲಾಡಿದರೆ ಅದೂ ತರಂಗವನ್ನು ವಿರೂಪಗೊಳಿಸುತ್ತದೆ. ವಾದಕನು ಬೇಕೆಂದೇ ಅಳೆದು ತೂಗಿ ಮಾಡಿದ ವಿರೂಪಕ್ಕೆ ಸ್ಪೀಕರಿನ ಅನಾಹುತದ ವಿರೂಪವೂ ಸೇರಿದರೆ, ಗಿಟಾರು, ಬೇಸು, ಕಂಠ ಮೂರರ ನಡುವೆಯೂ ಹೊಸ ವ್ಯತ್ಯಾಸಸ್ವರಗಳು ಏಳುತ್ತವೆ. ಒಂಟಿ ಕೊಳಲನ್ನು ಕೇಳುವಾಗ ಇಂಥ ದೋಷವು ಅಷ್ಟಾಗಿ ಕಾಣಿಸದು. ಹತ್ತಾರು ಉಪಸ್ವರಗಳು ಕಿಕ್ಕಿರಿದ ಮೆಟಲ್ ಸಂಗೀತದಲ್ಲಾದರೋ ಎಲ್ಲವೂ ಒಂದೇ ಗೋಡೆಯಂತೆ ಕೇಳತೊಡಗುವುದು. ಕೇಳುಗನು "ಈ ಸಂಗೀತವೇ ಹೀಗೆ" ಎಂದುಕೊಳ್ಳುತ್ತಾನೆ. ತಪ್ಪು ಸಂಗೀತದ್ದಲ್ಲ, ಪೆಟ್ಟಿಗೆಯದು.

ಪೇಟೆಯಲ್ಲಿ ಪೆಟ್ಟಿಗೆಯ ಮುಖದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಸಾಮರ್ಥ್ಯದ ಅಂಕಿ. "10,000 ವಾಟ್ ಪಿ.ಎಂ.ಪಿ.ಓ." ಎಂಬಂಥ ಬರಹಗಳನ್ನು ಓದುಗರು ಕಂಡಿರಬಹುದು. ಪಿ.ಎಂ.ಪಿ.ಓ. ಎಂಬುದು ಯಾವ ಒಪ್ಪಿತ ಮಾನಕಕ್ಕೂ ಒಳಪಡದ ಅಳತೆ. ಕ್ಷಣದ ಅತ್ಯಲ್ಪ ಭಾಗದಲ್ಲಿ ಕಲ್ಪಿಸಿಕೊಂಡ ಗರಿಷ್ಠವೆಂದು ಹೇಳಿಕೊಳ್ಳುತ್ತದೆ, ಅಷ್ಟೇ. ಇದರ ಬಣ್ಣವನ್ನು ಬಯಲು ಮಾಡಲು ಪ್ರೌಢಶಾಲೆಯಲ್ಲಿ ಕಲಿತ ಶಕ್ತಿಸಂರಕ್ಷಣ ನಿಯಮವೇ ಸಾಕು. ಪೆಟ್ಟಿಗೆಯನ್ನು ತಿರುಗಿಸಿ, ಹಿಂಬದಿಯ ಚೀಟಿಯನ್ನೋ ಅದರ ಅಡಾಪ್ಟರನ್ನೋ ನೋಡಿರಿ. ಅಲ್ಲಿ "12 ವೋಲ್ಟ್, 3 ಆಂಪಿಯರ್" ಎಂದಿದ್ದರೆ ಒಳಗೆ ಹೋಗುವುದೇ 36 ವಾಟ್. ಅಷ್ಟು ಪಡೆದ ಯಂತ್ರವು ನಿರಂತರವಾಗಿ ಅದಕ್ಕಿಂತ ಹೆಚ್ಚನ್ನು ಹೊರಗೆ ಕೊಡಲಾರದು; ಒಂದಂಶವು ಶಾಖವಾಗಿ ಕಳೆದುಹೋಗುವುದರಿಂದ ಕಡಿಮೆಯನ್ನೇ ಕೊಡುವುದು. ಆರ್.ಎಂ.ಎಸ್. ಎಂಬ ಹೆಸರಿನಲ್ಲಿ ಕೊಟ್ಟ ವಾಟಿನ ಅಂಕಿಯು ಇದ್ದರೆ ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಎಷ್ಟು ವಾಟ್ ಬೇಕು? ನಾವು ಎಣಿಸುವುದಕ್ಕಿಂತ ಬಹಳ ಕಡಿಮೆ. ಸಾಮಾನ್ಯವಾದ ಸಣ್ಣ ಸ್ಪೀಕರೊಂದು 1 ವಾಟ್ ಪಡೆದಾಗ 1 ಮೀಟರ್ ದೂರದಲ್ಲಿ ಸುಮಾರು 86 ಡೆಸಿಬೆಲ್ ಶಬ್ದವನ್ನುಂಟುಮಾಡುತ್ತದೆ. ಸಾಮರ್ಥ್ಯವನ್ನು ಇಮ್ಮಡಿಸಿದಾಗಲೆಲ್ಲ ದೊರೆಯುವುದು ಬರಿಯ 3 ಡೆಸಿಬೆಲ್. 2 ಮೀಟರ್ ದೂರ ಸರಿದರೆ ಬಯಲಿನಲ್ಲಿ 6 ಡೆಸಿಬೆಲ್ ಕಳೆಯುತ್ತದೆ. ಸ್ಪೀಕರುಗಳು ಎರಡಾದುದರಿಂದ 3 ಮರಳಿ ಬರುತ್ತದೆ. ಅಲ್ಲಿಗೆ 83. ಇನ್ನು ಒಂದೊಂದಕ್ಕೆ 16 ವಾಟ್ ಕೊಟ್ಟರೆ 12 ಸೇರಿ 95 ಡೆಸಿಬೆಲ್ ಆಯಿತು. ಗೋಡೆಗಳುಳ್ಳ ಕೋಣೆಯಲ್ಲಿ ಇನ್ನೂ ತುಸು ಹೆಚ್ಚೇ. ಇದು ಕಿವಿಗೆ ಅಪಾಯವನ್ನು ತರುವಷ್ಟು ಜೋರು. 20 ವಾಟಿನ ಪ್ರಾಮಾಣಿಕ ವರ್ಧಕವು ಮನೆಗೆ ಧಾರಾಳವಾಗಿ ಸಾಕು. ಆದರೆ ಅದು ನಿಜವಾದ 20 ಆಗಿರಬೇಕು. ಖಯಾಲ್ ಗಾಯನದಲ್ಲಿ ಆಗೊಮ್ಮೆ ಈಗೊಮ್ಮೆ ಶಿಖರವೇರಿದ ಧ್ವನಿಯು ಉಳಿದ ಹೊತ್ತು ತಗ್ಗಿನಲ್ಲಿರುತ್ತದೆ, ಯಂತ್ರಕ್ಕೆ ವಿಶ್ರಾಂತಿಯಿರುತ್ತದೆ. ಇತ್ತೀಚಿನ ರಾಕ್ ಧ್ವನಿಮುದ್ರಿಕೆಗಳಲ್ಲಿ ಮೆಲುದನಿಯನ್ನೂ ಮೇಲಕ್ಕೆತ್ತಿ ಎಲ್ಲವನ್ನೂ ಶಿಖರದ ಹತ್ತಿರಕ್ಕೆ ತಂದಿರುತ್ತಾರೆ. 2008ರಲ್ಲಿ ಹೊರಬಂದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಮುದ್ರಿಕೆಯಲ್ಲಿ ಇದು ಅತಿಯಾಯಿತೆಂದು ಅದರ ಅಭಿಮಾನಿಗಳೇ ಆಕ್ಷೇಪಿಸಿದರು. ಇಂಥ ಸಂಗೀತಕ್ಕೆ ಯಂತ್ರವು ಬಿಡುವಿಲ್ಲದೆ ದುಡಿಯಬೇಕು, ಒಳಗಿನ ತಂತಿಸುರುಳಿಯು ಬಿಸಿಯಾಗಬೇಕು. ಉತ್ಪ್ರೇಕ್ಷೆಯ ವಾಟುಗಳು ಕೈಕೊಡುವುದು ಇಲ್ಲಿಯೇ.

ಅಂಕಿಗಳ ಮೋಹವನ್ನು ಬಿಟ್ಟ ಮೇಲೆ ಆಕಾರದ ವಿಚಾರ. ಐದಾರು ಸಾವಿರದ ಮಿತಿಯೊಳಗೆ ಅಂಗಡಿಯವರು ಬಹುಶಃ ತೋರಿಸುವುದು ಒಂದು ದೊಡ್ಡ ಪೆಟ್ಟಿಗೆ ಮತ್ತು ಎರಡರಿಂದ ಐದರವರೆಗೆ ಪುಟ್ಟ ಪುಟ್ಟ ಮರಿ ಪೆಟ್ಟಿಗೆಗಳ ಸಂಸಾರವನ್ನು. ದೊಡ್ಡದು 'ಸಬ್‌ವೂಫರ್', ಅದು ಗುಡುಗುತ್ತದೆ. ಮರಿಗಳು ಚಿಲಿಪಿಲಿಗುಟ್ಟುತ್ತವೆ. ಸಿನಿಮಾದ ಸ್ಫೋಟಗಳಿಗೆ ಇದು ಒಪ್ಪಬಹುದು. ರಾಕ್ ಸಂಗೀತದ ಜೀವವು ಇರುವುದಾದರೋ ಇವೆರಡರ ನಡುವೆ.

ಲೆಕ್ಕ ಹಾಕಿ ನೋಡೋಣ. ಆವೃತ್ತಿಯು ಅರ್ಧಕ್ಕಿಳಿದರೆ, ಅಷ್ಟೇ ಜೋರಿನ ಶಬ್ದಕ್ಕಾಗಿ ಶಂಕುವು ನಾಲ್ಕರಷ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. 3 ಅಂಗುಲದ ಶಂಕುವಿನ ವಿಸ್ತೀರ್ಣವು 6 ಅಂಗುಲದ್ದರ ಕಾಲುಭಾಗ ಮಾತ್ರ. ಅದೇ ಸ್ವರವನ್ನು ಅದೇ ಜೋರಿನಲ್ಲಿ ನುಡಿಸಲು ಅದು ನಾಲ್ಕು ಪಟ್ಟು ಉದ್ದಕ್ಕೆ ಹಿಂದೆ ಮುಂದೆ ಓಲಾಡಬೇಕು. ಅಷ್ಟು ಓಲಾಟ ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ಮರಿ ಪೆಟ್ಟಿಗೆಗಳು ಸುಮಾರು 200 ಹರ್ಟ್ಸ್‌ನ ಕೆಳಗೆ ಸೋತುಬಿಡುತ್ತವೆ. ಸಬ್‌ವೂಫರ್ 100ರ ಆಸುಪಾಸಿನಿಂದ ಮೇಲೆ ಚೆನ್ನಾಗಿ ನುಡಿಯದು. ನಡುವೆ ಒಂದು ಕುಳಿ ಬಿತ್ತು. ಗಿಟಾರಿನ ಮೈಕಟ್ಟು, ಎಡಬಲಕ್ಕೆ ಬಾರಿಸುವ ಸಣ್ಣ ಡೋಲಿನ ಹೊಟ್ಟೆ, ಗಂಡು ಕಂಠದ ತಳಹದಿ ಇವೆಲ್ಲವೂ ಬೀಳುವುದು ಸರಿಯಾಗಿ ಆ ಕುಳಿಯಲ್ಲಿ! ಹಾಗಾಗಿ ನನ್ನ ಅಭಿಪ್ರಾಯವು ಸ್ಪಷ್ಟ: ಹಣವು ಕಡಿಮೆಯಿರುವಾಗ ಐದು ಪೆಟ್ಟಿಗೆಗಳಲ್ಲಿ ಅದನ್ನು ಹಂಚಬಾರದು. ತಲಾ 5 ಅಥವಾ 6 ಅಂಗುಲದ ಶಂಕುವೂ, ತಾಳ ಕಂಸಾಳೆಯಂಥ ಕಂಚಿನ ದನಿಗಾಗಿ ಬೇರೊಂದು ಸಣ್ಣ ಸ್ಪೀಕರೂ ಉಳ್ಳ ಎರಡೇ ಪೆಟ್ಟಿಗೆಗಳ ಜೋಡಿಯನ್ನು ಆರಿಸಬೇಕು. ಬೇಸ್ ಗಿಟಾರಿನ 41 ಹರ್ಟ್ಸ್ ತಂತಿಯ ಮೂಲಸ್ವರವು ಇದರಲ್ಲಿ ಪೂರ್ತಿ ಬಾರದು, ನಿಜ. ಆದರೆ 82, 123 ಹರ್ಟ್ಸ್‌ಗಳ ಉಪಸ್ವರಗಳು ಸ್ವಚ್ಛವಾಗಿ ಕೇಳಿದರೆ ನಮ್ಮ ಮಿದುಳು ಕಾಣೆಯಾದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ನಡುವಿನ ಕುಳಿಯನ್ನು ಅದು ಅಷ್ಟು ಸುಲಭವಾಗಿ ತುಂಬಲಾರದು.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆಯನ್ನು ನಮ್ಮ ಹಿರಿಯರಿಂದಲೇ ಕಲಿಯಬಹುದು. ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡದೆ ಕೊಳ್ಳುವವರುಂಟೆ? ಪೆಟ್ಟಿಗೆಯ ಪಕ್ಕವನ್ನು ಬೆರಳ ಗಿಣ್ಣಿನಿಂದ ಬಡಿಯಿರಿ. 'ಟಕ್' ಎಂದು ಮೊಟಕಾಗಿ ನಿಂತರೆ ಒಳ್ಳೆಯದು. 'ಡಬ್ಬ್' ಎಂದು ಎಳೆದರೆ ಆ ಪೆಟ್ಟಿಗೆಯು ಪ್ರತಿ ಹಾಡಿನಲ್ಲಿಯೂ ತನ್ನ ರಾಗವನ್ನು ಸೇರಿಸುತ್ತದೆ. ಬಳಿಕ ಬೇಸ್, ಟ್ರೆಬಲ್ ಗುಂಡಿಗಳನ್ನು ನಡುವಿಗೆ ತಂದು, ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ನುಡಿಸಲು ಹೇಳಿರಿ; ಅಂಗಡಿಯವರು ಆರಿಸುವ ಹಾಡು ಅವರ ಪೆಟ್ಟಿಗೆಗೆ ಒಪ್ಪುವ ಹಾಡಾಗಿರುತ್ತದೆ. ಎರಡು ಕಾಲುಗಳಿಂದಲೂ ದೊಡ್ಡ ಡೋಲನ್ನು ಬಡಿಯುವ ವೇಗದ ಮೆಟಲ್ ಹಾಡು ಇದಕ್ಕೆ ಉತ್ತಮ. ನಿಮಿಷಕ್ಕೆ 200 ಮಾತ್ರೆಗಳ ಲಯದಲ್ಲಿ ಮಾತ್ರೆಗೆ ನಾಲ್ಕರಂತೆ ಬಡಿದರೆ ಸೆಕೆಂಡಿಗೆ 13ಕ್ಕೂ ಮಿಕ್ಕಿ ಪೆಟ್ಟುಗಳು. ಒಂದಕ್ಕೂ ಇನ್ನೊಂದಕ್ಕೂ ಸೆಕೆಂಡಿನ ಸಾವಿರದ 75 ಪಾಲು ಮಾತ್ರ ಅಂತರ. ಮೊದಲ ಪೆಟ್ಟಿನ ಅನುರಣನವು ಅಡಗುವ ಮೊದಲೇ ಎರಡನೆಯದು ಬಿದ್ದರೆ ಕೇಳುವುದು ಪೆಟ್ಟುಗಳ ಸಾಲಲ್ಲ, ಬೀಸುಕಲ್ಲಿನ ಗುಡುಗು. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಜೋರೂ ಒಂದೇ ಸಮನಾಗಿರಬೇಕೆಂಬುದನ್ನು ಮರೆಯಬಾರದು. ತುಸು ಹೆಚ್ಚು ಜೋರಾಗಿರುವುದೇ ಉತ್ತಮವೆಂದು ಕಿವಿಯು ಮೋಸಹೋಗುತ್ತದೆ. ಈ ದೌರ್ಬಲ್ಯವು ಪಳಗಿದ ಕಿವಿಗಳಿಗೂ ತಪ್ಪಿದ್ದಲ್ಲ. ದುಬಾರಿಯ ಕೇಬಲ್ಲುಗಳಿಗೆ ಹಣ ಹಾಕುವ ಅಗತ್ಯವಿಲ್ಲ.

ಬಳಸಿದ ಹಳೆಯ ಪೆಟ್ಟಿಗೆಗಳು ದೊರೆತರೆ ಅವೂ ಯೋಗ್ಯವೇ; ಅದೇ ಹಣಕ್ಕೆ ದೊಡ್ಡ ಶಂಕು, ಭಾರವಾದ ಮರ ಸಿಗುತ್ತವೆ. ಶಂಕುವಿನ ಅಂಚಿನ ಸುತ್ತಣ ಮೆತ್ತನೆಯ ಬಳೆಯನ್ನು ಮಾತ್ರ ಸರಿಯಾಗಿ ನೋಡಬೇಕು. ಅದು ಫೋಮಿನದಾಗಿದ್ದರೆ ಹದಿನೈದಿಪ್ಪತ್ತು ವರ್ಷಗಳಲ್ಲಿ ಪುಡಿಯಾಗುವುದುಂಟು; ರಬ್ಬರಿನದು ಹೆಚ್ಚು ಕಾಲ ಬಾಳುತ್ತದೆ. ಶಂಕುವನ್ನು ಎರಡೂ ಕೈಬೆರಳುಗಳಿಂದ ಮೆಲ್ಲನೆ ಒಳಕ್ಕೆ ಒತ್ತಿದಾಗ ಕೆರೆದ ಸದ್ದು ಬಂದರೆ ತಂತಿಸುರುಳಿಯು ಅಯಸ್ಕಾಂತಕ್ಕೆ ತಾಗುತ್ತಿದೆಯೆಂದು ತಿಳಿದು ಬಿಟ್ಟುಬಿಡಬೇಕು.

ಪೆಟ್ಟಿಗೆಯೇನೋ ಮನೆಗೆ ಬಂದಿತು. ಇನ್ನು ಮೇಲೆ ಫಲವನ್ನು ನಿರ್ಧರಿಸುವುದು ಕೋಣೆ. ಸವದತ್ತಿಯ ಬಳಿ ಮಲಪ್ರಭೆಯು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯೊಂದನ್ನು ಹಾಯುತ್ತದೆ. ಅದೇ ನವಿಲುತೀರ್ಥ, ಅಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ರೇಣುಕಾಸಾಗರ ಹರಡಿದೆ. ಈ ಗುಡ್ಡಗಳ ಬೆಣಚು ಶಿಲೆ ಬಹಳ ಗಟ್ಟಿ. ಭೂವಿಜ್ಞಾನಿಗಳು ಅದನ್ನು ಸವದತ್ತಿ ಕ್ವಾರ್ಟ್ಜೈಟ್ ಎಂದೇ ಕರೆಯುತ್ತಾರೆ. ಇಂಥ ಬಂಡೆಯು ತನ್ನ ಮೇಲೆ ಬಿದ್ದ ಶಬ್ದವನ್ನು ಬಹುಮಟ್ಟಿಗೆ ಇಡಿಯಾಗಿ ಹಿಂದಿರುಗಿಸುತ್ತದೆ. ಬಂಡೆಯಿಂದ 85 ಮೀಟರ್ ದೂರ ನಿಂತು ಕೂಗಿದರೆ ಅರ್ಧ ಸೆಕೆಂಡಿನ ಬಳಿಕ ಕೂಗು ಮರಳಿ ಬರುತ್ತದೆ, ಮಾರ್ದನಿ ಎನ್ನುತ್ತೇವೆ. ಕೋಣೆಯಲ್ಲಿ 3 ಮೀಟರ್ ದೂರದ ಗೋಡೆಯಿಂದ ಅದು ಸೆಕೆಂಡಿನ ಸುಮಾರು ಅರವತ್ತನೆಯ ಒಂದು ಪಾಲಿನಲ್ಲಿ ಮರಳುವುದರಿಂದ ಕಿವಿಯು ಅದನ್ನು ಬೇರೆಯಾಗಿ ಗುರುತಿಸದು. ಮೂಲ ನಾದಕ್ಕೆ ಬಣ್ಣ ಬಳಿದಂತೆ ಅದು ಬೆರೆತುಹೋಗುತ್ತದೆ.

ವಿದ್ಯಾರ್ಥಿಯ ಕೋಣೆ ಎಂದರೆ ಅನೇಕ ವೇಳೆ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಕೊಳಲಿನೊಳಗೆ ಗಾಳಿಯು ನಿಂತ ತರಂಗವಾಗುವಂತೆ ಎರಡು ಗೋಡೆಗಳ ನಡುವೆಯೂ ಆಗುತ್ತದೆ. ಗೋಡೆಗಳ ಅಂತರವು ತರಂಗದ ಅರ್ಧ ಉದ್ದಕ್ಕೆ ಸಮನಾದಾಗ ಆ ಸ್ವರವು ಕೋಣೆಯಲ್ಲಿ ಉಬ್ಬುತ್ತದೆ. 10 ಅಡಿ ಎಂದರೆ 3.05 ಮೀಟರ್, ಶಬ್ದದ ವೇಗವನ್ನು ಸೆಕೆಂಡಿಗೆ 345 ಮೀಟರ್ ಎಂದು ಹಿಡಿದರೆ ಉಬ್ಬುವ ಸ್ವರ ಸುಮಾರು 57 ಹರ್ಟ್ಸ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದುದರಿಂದ ಮೂರು ಉಬ್ಬುಗಳೂ ಒಂದೇ ಕಡೆ ಬೀಳುತ್ತವೆ. ಬೇಸ್ ಗಿಟಾರಿನ ಎರಡನೆಯ ತಂತಿಯ ಆವೃತ್ತಿ 55! ಆ ತಂತಿಯನ್ನು ಮೀಟಿದಾಗಲೆಲ್ಲ ಕೋಣೆಯೇ ಹೂಂಕರಿಸುತ್ತದೆ. ಪಕ್ಕದ 41 ಹರ್ಟ್ಸ್ ತಂತಿಯು ಬಡವಾಗಿ ಕೇಳುತ್ತದೆ. ಹೊಸ ಸ್ಪೀಕರು ಸರಿಯಿಲ್ಲವೆಂದು ಅಂಗಡಿಗೆ ಮರಳಿ ಒಯ್ಯುವ ಮೊದಲು ಕೋಣೆಯ ಅಳತೆಯನ್ನು ತೆಗೆದುಕೊಳ್ಳಬೇಕು.

ಪರಿಹಾರಕ್ಕೆ ಹಣ ಬೇಡ. ನಿಂತ ತರಂಗದ ಒತ್ತಡವು ಗೋಡೆಯ ಬಳಿ ಗರಿಷ್ಠ, ಕೋಣೆಯ ನಟ್ಟನಡುವೆ ಕನಿಷ್ಠ. ಗೋಡೆಗೆ ಒರಗಿ ಕುಳಿತವನಿಗೆ ಬರೀ ಹೂಂಕಾರ. ನಡುವೆ ಕುಳಿತವನಿಗೆ ಬೇಸೇ ಇಲ್ಲ. ಹಿಂದಿನ ಗೋಡೆಯಿಂದ ಕೋಣೆಯ ಮೂರನೆಯ ಒಂದು ಪಾಲಿನಷ್ಟು ಮುಂದೆ ಕುಳಿತು ನೋಡಿರಿ. ಪೆಟ್ಟಿಗೆಗಳನ್ನು ಮೂಲೆಗೆ ತುರುಕದೆ ಗೋಡೆಯಿಂದ ಒಂದೆರಡು ಗೇಣು ಈಚೆಗೆ, ಸಣ್ಣ ಸ್ಪೀಕರು ಕಿವಿಯ ಎತ್ತರಕ್ಕೆ ಬರುವಂತೆ ಇಡಿರಿ. ಬಾಗಿಲನ್ನು ತೆರೆದಿಟ್ಟರೂ ಹೂಂಕಾರವು ಸ್ವಲ್ಪ ಇಳಿಯುವುದು. ಗೋಡೆಗೆ ಕೌದಿಯನ್ನು ತೂಗುಹಾಕುವುದು ಒಳ್ಳೆಯದೇ; ತಾಳಗಳ ಕಿರಿಚಾಟವನ್ನು ಅದು ಚೆನ್ನಾಗಿ ಹೀರುತ್ತದೆ. 57 ಹರ್ಟ್ಸ್‌ಗೆ ಮಾತ್ರ ಅದು ನಿರುಪಾಯ, ಏಕೆಂದರೆ ಆ ತರಂಗದ ಕಾಲುಭಾಗವೇ ಒಂದೂವರೆ ಮೀಟರ್ ಉದ್ದ. ಬೈಲಹೊಂಗಲದ ಕಡೆ ಮನೆಮನೆಯಲ್ಲಿಯೂ ಇರುವ ದಪ್ಪನೆಯ ಹತ್ತಿಯ ಗಾದಿಗಳನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಕೌದಿಗಿಂತ ಹೆಚ್ಚಿನ ಗುಣ ಕಾಣಬಹುದು.

ಕೋಣೆಯೂ ಇಲ್ಲದ, ಹಣವೂ ಸಾಲದ ಹಾಸ್ಟೆಲ್ ವಾಸಿಗೆ ಹೆಡ್‌ಫೋನೇ ತಕ್ಕದ್ದು. ಕಿವಿಗೂ ಶಂಕುವಿಗೂ ನಡುವೆ ಗೋಡೆಗಳ ಕಾಟವಿಲ್ಲ. ತಳ್ಳಬೇಕಾದ ಗಾಳಿಯು ಹಿಡಿಯಷ್ಟು. ಆದುದರಿಂದ ಅಲ್ಪ ಬೆಲೆಗೆ ಸಿಗುವ ಶುದ್ಧತೆಯು ಸ್ಪೀಕರಿನಲ್ಲಿ ಅದರ ಹಲವು ಪಟ್ಟು ಬೆಲೆಗೂ ಸಿಗದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದವು 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹೆಡ್‌ಫೋನಿನಿಂದ ನೆರೆಯವರಿಗೆ ತೊಂದರೆಯಿಲ್ಲ. ತೊಂದರೆಯಾಗುವುದಿದ್ದರೆ ಧರಿಸಿದವನಿಗೇ.

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000. ಸತ್ತ ಕೋಶವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ದುಡಿಮೆಯ ಸ್ಥಳಗಳಿಗಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಸೂಚಿಸಿದ ಮಿತಿಯು ದಿನಕ್ಕೆ 85 ಡೆಸಿಬೆಲ್‌ನಲ್ಲಿ 8 ತಾಸು. ಮುಂದೆ ಪ್ರತಿ 3 ಡೆಸಿಬೆಲ್‌ಗೆ ಕಾಲವು ಅರ್ಧವಾಗುತ್ತದೆ: 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ 1, 100ರಲ್ಲಿ ಬರಿಯ 15 ನಿಮಿಷ. ಮೆಟಲ್ ಮುದ್ರಿಕೆಗಳಲ್ಲಿ ತಗ್ಗಿನ ಭಾಗಗಳೇ ವಿರಳವೆಂಬುದನ್ನು ಮೇಲೆ ಕಂಡೆವು. ಯಂತ್ರಕ್ಕೆ ಇಲ್ಲದ ವಿಶ್ರಾಂತಿಯು ಕಿವಿಗೂ ಇರುವುದಿಲ್ಲ. ಹಾಡು ನಿಂತ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಮಿತಿಯು ಆಗಲೇ ದಾಟಿತೆಂದು ತಿಳಿಯಬೇಕು. ಸ್ಪೀಕರಿನ ವಿಷಯದಲ್ಲಿ ಅಳೆಯುವ ಉಪಕರಣವಿಲ್ಲದೆಯೂ ಅಂದಾಜು ಮಾಡಬಹುದು: ತೋಳಿನಳತೆಯ ದೂರದಲ್ಲಿ ನಿಂತ ಗೆಳೆಯನು ನಿಮಗೆ ಕೇಳಿಸಲೆಂದು ದನಿಯೇರಿಸಬೇಕಾಗಿ ಬಂದರೆ ಕೋಣೆಯ ಶಬ್ದವು 85 ಡೆಸಿಬೆಲ್‌ನ ಆಸುಪಾಸಿಗೆ ಮುಟ್ಟಿದೆ, ಗುಂಡಿಯನ್ನು ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಆ ಜಾಗಕ್ಕೆ ಒಂದು ಗುರುತು ಹಾಕಿಡಬಹುದು.